ಚೆನ್ನಮ್ಮನ ಸಿನಿಮಾ ಸಾಲಿ

ರಾಣೆಬೆನ್ನೂರಿನ ಚೆನ್ನಮ್ಮ ವಿಜಯವಾಡದ ರೈಲು ನಿಲ್ದಾಣದಲ್ಲಿ ಟ್ರಂಕು ಇಳಿಸಿದಾಗ ಅವಳಿಗೆ ಬರುತ್ತಿದ್ದ ತೆಲುಗು ಎರಡೇ ಮಾತು, ಎರಡೂ ಬೈಗುಳ. ಊರಿನ ಹತ್ತಿ ಮಾರುಕಟ್ಟೆಗೆ ಬರುತ್ತಿದ್ದ ಗುಂಟೂರು ಕಡೆಯ ಲಾರಿ ಡ್ರೈವರುಗಳು ಬಿಟ್ಟುಹೋದ ಆಸ್ತಿ ಅದು. ಇಸವಿ ತೊಂಬತ್ತಾರು, ಮೇ ತಿಂಗಳು. ಗಂಡ ಶಂಕರಪ್ಪ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಆಫೀಸರ್ ಆಗಿದ್ದ. ಆಫೀಸರ್ ಆದವರನ್ನು ಮೊದಲು ರಾಜ್ಯದ ಹೊರಗೆ ಒಗೆಯುವುದು ಅವನ ಬ್ಯಾಂಕಿನ ಪದ್ಧತಿ. ಸತ್ಯನಾರಾಯಣಪುರಂನಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ಬೆಳಿಗ್ಗೆ ಒಂಬತ್ತೂವರೆಗೆ ಹೋದ ಗಂಡ ಸಂಜೆ ಏಳಕ್ಕೆ ಬರುತ್ತಿದ್ದ. ನಡುವೆ ಅವಳು, ಕಾದು ಕೆಂಡವಾದ ಗಾರೆ ನೆಲ, ಸುತ್ತಲೂ ಅರ್ಥವಾಗದ ಮಾತು.

ಶಂಕರಪ್ಪ ಒಂದು ತಿಂಗಳಲ್ಲಿ ತೆಲುಗು ಕಲಿಸುವ ಪುಸ್ತಕ ತಂದುಕೊಟ್ಟ. 'ಈ ಸೇತುವೆಯನ್ನು ಯಾರು ಕಟ್ಟಿಸಿದರು' ಎಂದು ಕೇಳುವುದು ಹೇಗೆ ಅಂತ ಅದರಲ್ಲಿ ಇತ್ತು. ತೊಂಡೆಕಾಯಿ ಬಲಿತುಹೋಗಿದೆ, ಬೇಡ ಅನ್ನುವುದು ಹೇಗೆ ಅಂತ ಇರಲಿಲ್ಲ. ಚೆನ್ನಮ್ಮ ಆ ಪುಸ್ತಕವನ್ನು ಅಲುಗಾಡುತ್ತಿದ್ದ ಮಂಚದ ಕಾಲಿಗೆ ಕೊಟ್ಟು, ತನಗೆ ಗೊತ್ತಿದ್ದ ಒಂದೇ ವಿದ್ಯೆಯ ಕಡೆ ತಿರುಗಿದಳು.

ಸಿನಿಮಾ ನೋಡುವುದು ಆ ವಿದ್ಯೆ. ಊರಲ್ಲಿ ಹೊಲಿಗೆ ಕ್ಲಾಸಿಗೆಂದು ಹೊರಟು ಮ್ಯಾಟಿನಿಯಲ್ಲಿ ಕೂತು ಬರುತ್ತಿದ್ದವಳು ಅವಳು. ಪಿಯುಸಿಯ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಅರ್ಧಕ್ಕೆ ಎದ್ದು ಟಾಕೀಸಿಗೆ ಓಡಿದ್ದಳು. ಸಿನಿಮಾಕ್ಕೆ ಅದು ಕಡೇ ದಿನ, ಪರೀಕ್ಷೆಯಾದರೆ ಅಕ್ಟೋಬರಿನಲ್ಲಿ ಮತ್ತೆ ಬರುತ್ತದೆ ಎಂಬುದು ಅವಳ ವಾದ. ಅಕ್ಟೋಬರ್ ಬಂತು, ಇವಳು ಹೋಗಲಿಲ್ಲ. ಅವಳವ್ವ ಕಸಬರಿಗೆ ಹಿಡಿದು ಓಣಿಯ ತುದಿಯತನಕ ಅಟ್ಟಿಸಿಕೊಂಡು ಬಂದದ್ದನ್ನು ಆ ಓಣಿಯ ಹಳಬರು ಈಗಲೂ ಹೇಳುತ್ತಾರೆ.

ವಿಜಯವಾಡದ ಗಾಂಧಿನಗರದಲ್ಲಿ ಆಗ ಹೆಜ್ಜೆಗೊಂದು ಟಾಕೀಸು. ಹೆಂಗಸರಿಗೆ ಬೇರೆ ಸಾಲು, ಬೇರೆ ಕಿಟಕಿ. ಮನೆ ಮಾಲಕಿಯ ತಂಗಿ ಒಬ್ಬಳು ಮೊದಲ ದಿನ ಜೊತೆಗೆ ಬಂದಳು. ಎರಡನೇ ದಿನದಿಂದ ಜೊತೆ ಬೇಕಾಗಲಿಲ್ಲ. ಕಥೆ ಅರ್ಥವಾಗುವುದಕ್ಕೆ ಭಾಷೆ ಬೇಡವೆಂದು ಅವಳಿಗೆ ಅರ್ಧ ಗಂಟೆಯಲ್ಲೇ ತಿಳಿಯಿತು. ಅಪ್ಪನನ್ನು ಕೊಂದವನು ಯಾರು, ಮಗ ಯಾವಾಗ ಬಂದು ಬಡಿಯುತ್ತಾನೆ, ಇಷ್ಟಕ್ಕೆ ನಿಘಂಟು ಯಾಕೆ? ಹಾಗಾಗಿ ಅವಳು ಪ್ರತಿ ಸಿನಿಮಾವನ್ನು ಎರಡು ಸಲ ನೋಡತೊಡಗಿದಳು. ಮೊದಲ ಸಲ ಕಥೆಗೆ. ಎರಡನೇ ಸಲ ಕಣ್ಣು ಅರ್ಧ ಮುಚ್ಚಿ ಮಾತಿಗೆ. ಹೀರೊ ಬಂದಾಗ ಮೇಲಿನಿಂದ ಸುರಿಯುತ್ತಿದ್ದ ಕಾಗದದ ಚೂರು ತಲೆಗೂದಲಲ್ಲಿ ಉಳಿದು, ಸಂಜೆ ಗಂಡನ ಕೈಗೆ ಸಿಕ್ಕಿಬೀಳುತ್ತಿದ್ದಳು. ಅವನು ಬೈಯಲಿಲ್ಲ. ಶೆಕೆಗೆ ಟಾಕೀಸಿನ ಏಸಿ ಒಳ್ಳೆಯದೇ ಎಂದು ಸುಮ್ಮನಾದ. ಅವನೇ ಬಂದ ಎರಡು ಸಲವೂ ಟೈಟಲ್ ಮುಗಿಯುವುದರೊಳಗೆ ಗೊರಕೆ ಹೊಡೆದಿದ್ದ.

ಮೂರನೇ ತಿಂಗಳು ಚೆನ್ನಮ್ಮ ಬಾಯಿ ಬಿಟ್ಟಳು. ಮನೆ ಮಾಲಕಿಯ ಅಣ್ಣ ಮಧ್ಯಾಹ್ನದ ನೀರು ನಿಲ್ಲಿಸಿದ್ದ. ಇವಳು ಅಂಗಳಕ್ಕೆ ಇಳಿದು, ತೋರುಬೆರಳೆತ್ತಿ, ತಾನು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಅಂದಳು. ಅದು ಯಾವುದೋ ಜಮೀನ್ದಾರಿಣಿ ತನ್ನ ವಂಶದ ಹಗೆಯವನಿಗೆ ಹೇಳುವ ಮಾತು. ನಿನ್ನ ಮನೆಯ ದೀಪ ಆರಿಸುತ್ತೇನೆ, ನಿನ್ನ ಏಳು ತಲೆಮಾರಿಗೆ ಈ ಊರಿನ ನೀರು ಮುಟ್ಟದ ಹಾಗೆ ಮಾಡುತ್ತೇನೆ ಎಂಬರ್ಥದ್ದು. ಆ ಮನುಷ್ಯ ಬಾಯಿ ತೆರೆದು ನಿಂತ. ಆಮೇಲೆ ಕೆಮ್ಮು ಹತ್ತುವಷ್ಟು ನಕ್ಕು, ಒಳಗೆ ಹೋಗಿ ನಲ್ಲಿ ಬಿಟ್ಟ. ಅಂದಿನಿಂದ ಆ ಬೀದಿಗೆ ಅವಳು 'ಸಿನಿಮಾ ಚೆನ್ನಮ್ಮಗಾರು', ಅಂದರೆ ಸಿನಿಮಾ ಚೆನ್ನಮ್ಮನವರು. ನಕ್ಕವರೇ ಅವಳ ಮಾತು ತಿದ್ದಿದರು. ವರ್ಷ ತುಂಬುವುದರೊಳಗೆ ಬೆಸೆಂಟ್ ರಸ್ತೆಯ ಸೀರೆ ಅಂಗಡಿಯವರು ಇವಳನ್ನು ತೆನಾಲಿಯ ಕಡೆಯವಳೆಂದು ತಿಳಿಯುವ ಮಟ್ಟಕ್ಕೆ ಬಂದಿದ್ದಳು.

ಪಾಠ ಹೇಳುವುದು ಶುರುವಾದದ್ದು ಜಗದೀಶ್ ಎಂಬ ತುಮಕೂರಿನ ಹುಡುಗನಿಂದ. ಶಂಕರಪ್ಪನ ಶಾಖೆಗೆ ಹೊಸದಾಗಿ ಬಂದ ಕ್ಲರ್ಕ್. ಪಿಂಚಣಿಗೆ ಬಂದ ಮುದುಕರ ಮೇಲೆ ಇಂಗ್ಲಿಷಿನಲ್ಲಿ ರೇಗುತ್ತಿದ್ದ, ಅವರು ತಿರುಗಿ ತೆಲುಗಿನಲ್ಲಿ ರೇಗುತ್ತಿದ್ದರು. ಶಂಕರಪ್ಪ ಅವನನ್ನು ಒಂದು ಭಾನುವಾರ ಊಟಕ್ಕೆ ಕರೆತಂದು, ಇವನಿಗೆ ಒಂದಿಷ್ಟು ಮಾತು ಕಲಿಸು ಎಂದು ಹೆಂಡತಿಗೆ ಒಪ್ಪಿಸಿದ. ಚೆನ್ನಮ್ಮ ಕ್ಯಾಸೆಟ್ ಹಾಕಿ, ಟಿವಿಯ ಸದ್ದು ಪೂರ್ತಿ ಅಡಗಿಸಿದಳು.

"ಯಾರು ಕುಂತಾರ, ಯಾರು ನಿಂತಾರ ನೋಡು. ಇದ್ರಾಗ ಯಾರು ಯಾರಿಗೆ 'ಗಾರು' ಅಂತಾರ ಹೇಳು. ಅದು ತಿಳೀತಂದ್ರ ಅರ್ಧ ಭಾಷಾ ಬಂದಂಗ."

ಹುಡುಗ ತಪ್ಪು ತಪ್ಪು ಹೇಳಿದ. ಸದ್ದು ಹಾಕಿದಾಗ ಯಾವುದು ತಪ್ಪೆಂದು ಅವನಿಗೇ ಕೇಳಿಸಿತು. ಮೂರನೇ ಸುತ್ತಿನಲ್ಲಿ ಅವನೇ ಹೇಳಬೇಕು, ಕೂತವನ ಮಾತನ್ನು ಕೂತು, ನಿಂತವನ ಮಾತನ್ನು ನಿಂತು. ಆರು ಭಾನುವಾರಗಳಲ್ಲಿ ಜಗದೀಶ್ ಪಿಂಚಣಿಯ ಮುದುಕರಿಗೆ ಕುರ್ಚಿ ಎಳೆದುಕೊಡುವ ಮಟ್ಟಕ್ಕೆ ಬಂದ. ಸುದ್ದಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಯಿತು. ಕರ್ನಾಟಕದಿಂದ ವರ್ಗವಾಗಿ ಬಂದವರು ಮೊದಲು ಬಾಡಿಗೆ ಮನೆ, ಎರಡನೆಯದಾಗಿ ಚೆನ್ನಮ್ಮನ ಮನೆ ಹುಡುಕತೊಡಗಿದರು. ಶಂಕರಪ್ಪ ಇದಕ್ಕೆ 'ಸಿನಿಮಾ ಸಾಲಿ' ಎಂದು ಹೆಸರಿಟ್ಟ. ಸಾಲಿ ನಡೆಯುವ ಹೊತ್ತಿಗೆ ಸರಿಯಾಗಿ ತಾನು ಪಾರ್ಕಿಗೆ ಹೋಗುತ್ತಿದ್ದ.

ಅವನ ವರ್ಗಾವಣೆಯ ಫಾರಂನಲ್ಲಿ ಮೊದಲ ಆಯ್ಕೆ ಯಾವಾಗಲೂ ಹುಬ್ಬಳ್ಳಿ, ಎರಡನೆಯದು ವಿಜಯವಾಡ. ಸಿಕ್ಕಿದ್ದು ಯಾವಾಗಲೂ ಎರಡನೆಯದು, ಇಲ್ಲವೆ ಅದರ ಆಸುಪಾಸು. ಗನ್ನವರಂ ಆಯಿತು, ಏಲೂರು ಆಯಿತು. ಭಾಷೆ ಬರುವ ಆಫೀಸರನ್ನು ಯಾವ ವಲಯ ಕಚೇರಿ ಬಿಡುತ್ತದೆ? ಆ ಭಾಷೆ ಅವನಿಗೆ ಬಂದದ್ದೂ ಹೆಂಡತಿ ತಿಂಡಿ ಬಡಿಸುತ್ತಾ ತೆಲುಗಿನಲ್ಲಿ ಜಗಳ ತೆಗೆಯುತ್ತಿದ್ದುದರಿಂದ. ಮಗ ವಿನಾಯಕ ವಿಜಯವಾಡದಲ್ಲೇ ಹುಟ್ಟಿ, ಅಲ್ಲೇ ಹಲ್ಲಿನ ಡಾಕ್ಟರಾಗಿ, ತಾಯಿಯ ಜೊತೆ ಮಾತ್ರ ಕನ್ನಡ ಆಡುತ್ತಾನೆ. ಸಿನಿಮಾ ಅಂದರೆ ಅವನಿಗೆ ತಲೆನೋವು. ಆರು ವರ್ಷದ ಹಿಂದೆ ಗಂಡ ಹೆಂಡತಿ ವಿಶಾಖಪಟ್ಟಣಕ್ಕೆ ಬಂದು ಪೆಂದುರ್ತಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನೆಲೆಯಾದರು. ಅಲ್ಲಿ ಸಾಲಿಗೆ ಬ್ಯಾಂಕಿನವರ ಜೊತೆಗೆ ಔಷಧ ಕಾರ್ಖಾನೆಯ ಹುಡುಗರು, ಐಟಿಯ ಹುಡುಗಿಯರು, ಆಸ್ಪತ್ರೆಯ ನರ್ಸುಗಳು ಸೇರಿಕೊಂಡರು. ಚೆನ್ನಮ್ಮನಿಗೆ ಈಗ ಐವತ್ತು ದಾಟಿದೆ, ಗಂಡನ ನಿವೃತ್ತಿಗೆ ಒಂದು ವರ್ಷ ಬಾಕಿ.

ಆಸ್ಪತ್ರೆಯ ಕರೆ ಬಂದದ್ದು ಆಗ. ಊರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೊಂದು. ನರ್ಸುಗಳ ಮೇಲ್ವಿಚಾರಕಿ ಹಿಮಬಿಂದು ಎಂಬಾಕೆ ತಾನೇ ಫೋನ್ ಮಾಡಿದಳು. ಕರ್ನಾಟಕದಿಂದ ಒಂಬತ್ತು ಜನ ಹೊಸ ನರ್ಸುಗಳು ಬಂದಿದ್ದಾರೆ, ಕೆಲಸದಲ್ಲಿ ಚುರುಕು, ಬಾಯಿ ಮಾತ್ರ ಇಲ್ಲ. ಒಂದು ತಿಂಗಳು ಪಾಠ ಹೇಳಿ ನೋಡಿ. ಸರಿಹೋದರೆ ತರಬೇತಿ ವಿಭಾಗದಲ್ಲಿ ಕೆಲಸ, ವಾರಕ್ಕೆ ನಾಲ್ಕು ದಿನ, ನೇಮಕಾತಿ ಪತ್ರ ಸಮೇತ ಎಂದಳು. ಚೆನ್ನಮ್ಮ ಫೋನಿಟ್ಟು ಒಂದು ಲೋಟ ನೀರು ಕುಡಿದಳು. ಮೂವತ್ತು ವರ್ಷ 'ಶಂಕರಪ್ಪನವರ ಮಿಸೆಸ್' ಆಗಿ ಊರೂರು ತಿರುಗಿದವಳು. ಕಲಿತವರು ಬಂದು ಕಾಫಿ ಪುಡಿಯೋ ಹಣ್ಣೋ ಕೊಟ್ಟು ಕಾಲಿಗೆ ಬಿದ್ದು ಹೋಗುತ್ತಿದ್ದರು, ಅದನ್ನು ಯಾರೂ ಕೆಲಸ ಅಂದಿರಲಿಲ್ಲ. ಅವಳಿಗೆ ಆ ಪತ್ರ ಬೇಕಿತ್ತು. ಬಾಯಿ ಬಿಟ್ಟು ಗಂಡನಿಗೂ ಹೇಳಲಾರದಷ್ಟು ಬೇಕಿತ್ತು.

ಅದಕ್ಕೇ ಅವಳು ಹೆಚ್ಚು ಯೋಚಿಸಿದಳು, ಹೆಚ್ಚು ಯೋಚಿಸಿ ಎಡವಿದಳು.

ಆ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಅರ್ಧ ಜನ ಶ್ರೀಕಾಕುಳಂ, ವಿಜಯನಗರಂ ಕಡೆಯವರು. ಅವರ ತೆಲುಗು ಬೇರೆ. 'ಏನು' ಎಂಬುದಕ್ಕೆ ವಿಜಯವಾಡದವರು 'ಏಮಿಟಿ' ಅನ್ನುವಲ್ಲಿ ಅವರು 'ಏಟಿ' ಅನ್ನುತ್ತಾರೆ. ತಮ್ಮನ್ನು ತಾವು 'ನಾನು' ಎಂದೇ ಹೇಳಿಕೊಳ್ಳುತ್ತಾರೆ, ಥೇಟ್ ನಮ್ಮ ಹಾಗೆ. ಚೆನ್ನಮ್ಮನಿಗೆ ಆ ಮಾತು ಗೊತ್ತಿದ್ದುದು ಸಿನಿಮಾದಿಂದಲೇ. ಸಿನಿಮಾದಲ್ಲಿ ಆ ಮಾತು ಆಡುವವರು ಯಾರು? ಹೀರೊ ಅಲ್ಲ, ಹೀರೊನ ಅಪ್ಪನೂ ಅಲ್ಲ. ಮನೆ ಕೆಲಸದವನು, ಅಡುಗೆಯವನು, ಕಾವಲುಗಾರ. ಅವರು ಬಾಯಿ ತೆರೆದರೆ ಸಾಕು, ಟಾಕೀಸು ನಗಬೇಕು, ಅದಕ್ಕಾಗಿಯೇ ಅವರನ್ನು ಇಟ್ಟಿರುತ್ತಾರೆ. ಇಷ್ಟು ವರ್ಷ ಒಂದೊಂದು ಸಿನಿಮಾವನ್ನೂ ಎರಡೆರಡು ಸಲ ನೋಡಿದವಳಿಗೆ ಇದು ಕಾಣಲಿಲ್ಲ. ರೋಗಿಗಳಿಗೆ ಅವರದೇ ಮಾತು ಕೇಳಿದರೆ ಹಿತವಾಗುತ್ತದೆ ಎಂದಷ್ಟೇ ಅವಳಿಗೆ ಹೊಳೆಯಿತು. ಕೆಲಸದವರು ಬರುವ ಹದಿನಾಲ್ಕು ದೃಶ್ಯ ಆರಿಸಿ, ತರಬೇತಿ ಕೋಣೆಯ ಪರದೆಯ ಮೇಲೆ ಹಾಕಿ, ರಾಗ ಎಳೆಯುವುದು, ಸೊಂಟಕ್ಕೆ ಕೈ ಕೊಡುವುದು, ಕತ್ತು ಓರೆ ಮಾಡುವುದು, ಎಲ್ಲ ಸಮೇತ ಕಲಿಸಿದಳು. ಒಂಬತ್ತು ಹುಡುಗಿಯರು ಬಿದ್ದು ಬಿದ್ದು ನಕ್ಕರು, ಬೇಗ ಕಲಿತರು. ಎಲ್ಲರಿಗಿಂತ ಬೇಗ ಕಲಿತವಳು ಹಾಸನದ ತೃಪ್ತಿ.

ಮೂರನೇ ವಾರ. ಮೂಳೆ ವಾರ್ಡಿನಲ್ಲಿ ಸಿಂಹಾಚಲಂ ಎಂಬ ಮುದುಕನಿದ್ದ. ನರಸಿಂಹ ದೇವರ ಬೆಟ್ಟದ ಹೆಸರು ಅದು, ಆ ಕಡೆ ಮನೆಗೊಬ್ಬ ಸಿಂಹಾಚಲಂ ಸಿಗುತ್ತಾನೆ, ಸಿನಿಮಾದ ಕೆಲಸದವರಿಗೂ ಬರೆಯುವವರು ಇದೇ ಹೆಸರಿಡುತ್ತಾರೆ. ಈತ ಸೆಣಬಿನ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ದುಡಿದವನು. ಮಿಲ್ಲು ಬೀಗ ಹಾಕಿದಾಗ ಗೇಟಿನ ಮುಂದೆ ಹತ್ತೊಂಬತ್ತು ದಿನ ಕೂತಿದ್ದವನು, ಪೊಲೀಸರ ಲಾಠಿಗೆ ಮುರಿಯದ ಸೊಂಟವನ್ನು ಸ್ನಾನದ ಮನೆಯಲ್ಲಿ ಜಾರಿ ಮುರಿದುಕೊಂಡಿದ್ದ. ಬೆಳಿಗ್ಗೆ ದೊಡ್ಡ ಡಾಕ್ಟರು ಆರು ಜನ ಕಿರಿಯರನ್ನು ಹಿಂದಿಟ್ಟುಕೊಂಡು ರೌಂಡ್ಸಿಗೆ ಬಂದಾಗ, ರಾತ್ರಿ ನಿದ್ದೆ ಹೇಗೆ ಎಂದು ತೃಪ್ತಿ ಅವನನ್ನು ಕೇಳಬೇಕಾಯಿತು. ಅವಳು ಕಲಿತ ಹಾಗೇ ಕೇಳಿದಳು, "ಏಟಿ ಸಿಂಹಾಚಲಂ" ಎಂದು ರಾಗ ಎಳೆದು, ಕೈ ಸೊಂಟಕ್ಕೆ ಕೊಟ್ಟು. ಡಾಕ್ಟರು ನಕ್ಕರು. ಕಿರಿಯರು ನಕ್ಕರು. ಪಕ್ಕದ ಹಾಸಿಗೆಯ ಕಂಟ್ರಾಕ್ಟರ್ ಮುರಿದ ಪಕ್ಕೆಲುಬು ಹಿಡಿದುಕೊಂಡು ನಕ್ಕ. ಮುದುಕ ಗೋಡೆಯ ಕಡೆ ತಿರುಗಿದ.

ಆಮೇಲೆ ಅವನು ನರ್ಸುಗಳೊಂದಿಗೆ ಮಾತು ಬಿಟ್ಟ. ನಡೆಸಲು ಬಂದರೆ ಏಳಲಿಲ್ಲ, ನೋವೆಲ್ಲಿ ಎಂದರೆ ಉತ್ತರವಿಲ್ಲ. ಮೂರನೇ ದಿನ ಫಿಸಿಯೋಥೆರಪಿಯ ಅಮೋಘ ಹೊದಿಕೆ ಸರಿಸಿದಾಗ ಮೀನಖಂಡ ಊದಿ ಕುಂಬಳಕಾಯಿಯಾಗಿತ್ತು. ರಕ್ತ ಹೆಪ್ಪುಗಟ್ಟಿತ್ತು. ಸಮಯಕ್ಕೆ ಸಿಕ್ಕಿತು, ಔಷಧಿ ಹಿಡಿಯಿತು. ಇಷ್ಟು ದಿನ ನೋವನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಮುದುಕನ ಹೆಂಡತಿ, ನಿಮ್ಮ ನಾಟಕದವರಿಗೆ ಹೇಳಬೇಕಿತ್ತೇ ಎಂದು ಕೇಳಿದಳಂತೆ.

ಹಿಮಬಿಂದು ಚೆನ್ನಮ್ಮನನ್ನು ಕರೆಸಿ ಬಾಗಿಲು ಹಾಕಿಕೊಂಡಳು. ಗಂಜಿ ಹಾಕಿದ ಸೀರೆಯ ಹೆಂಗಸು, ದನಿ ಏರಿಸುವ ಅಭ್ಯಾಸವಿಲ್ಲ. ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಚೆನ್ನಮ್ಮನಿಗೆ ಮೊದಲು ಸಿಟ್ಟು ಬಂತು. ಅವರ ಮಾತನ್ನೇ ಅಲ್ಲವೇ ಕಲಿಸಿದ್ದು, ಅದರಲ್ಲಿ ಅವಮಾನ ಎಲ್ಲಿ ಬಂತು ಎಂದಳು.

"ಚೆನ್ನಮ್ಮಗಾರು, ನಾನು ಶ್ರೀಕಾಕುಳಂ ಕಡೆಯ ಪಲಾಸದವಳು," ಎಂದಳು ಹಿಮಬಿಂದು. "ನರ್ಸಿಂಗ್ ಓದೋಕೆ ಗುಂಟೂರಿಗೆ ಹೋದ ಮೊದಲನೇ ವಾರ ಬಾಯಿ ತೆಗೆದೆ, ಅಷ್ಟೇ. ನಾಲ್ಕು ವರ್ಷ ನನ್ನನ್ನ ಯಾರೂ ಹಿಮಬಿಂದು ಅಂತ ಕರೀಲಿಲ್ಲ. ಸಿನಿಮಾದ ಕೆಲಸದವಳ ಹೆಸರಲ್ಲಿ ಕರೆದ್ರು. ನಿಮ್ಮ ಹತ್ತಿರ ಈಗ ಆಡ್ತಿದೀನಲ್ಲ, ಈ ತೆಲುಗು ನಾನೂ ನಿಮ್ಮ ಹಾಗೇ ಟಾಕೀಸಲ್ಲಿ ಕೂತು ಕಲಿತದ್ದು. ಹೀರೊಯಿನ್ ಮಾತು ಕಲಿತೆ. ನನ್ನ ಅಮ್ಮನ ಮಾತು ಬಿಟ್ಟೆ."

ಇನ್ನು ಎಂಟು ದಿನ ಇದೆ, ಮುಗಿಸಿ, ಆಮೇಲೆ ನೋಡೋಣ ಎಂದಳು ಹಿಮಬಿಂದು. ನೋಡೋಣ ಅಂದರೆ ಇಲ್ಲ ಎಂದು ಆಫೀಸರನ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ?

ಹೊರಗೆ ತೃಪ್ತಿ ಕಾಯುತ್ತಿದ್ದಳು. ಅತ್ತು ಮೂಗು ಕೆಂಪಾಗಿತ್ತು. "ಆಂಟಿ, ನಾನ್ ಬೇಕಂತ ಮಾಡ್ಲಿಲ್ಲ. ನೀವ್ ಹೇಳ್ಕೊಟ್ಟಂಗೇ ಕೇಳ್ದೆ."

"ನೀ ಮಾಡಿಲ್ಲವ್ವಾ, ನಾ ಮಾಡೇನಿ," ಎಂದಳು ಚೆನ್ನಮ್ಮ. "ಮೂಗು ಒರಸ್ಕೊ, ವಾರ್ಡಿಗೆ ಹೋಗು."

ಮನೆಯಲ್ಲಿ ಶಂಕರಪ್ಪ ಎಲ್ಲ ಕೇಳಿ, ಹೆಂಡತಿಗೆ ಸಮಾಧಾನ ಹೇಳುವ ಗಂಡಂದಿರು ಹೇಳುವುದನ್ನೇ ಹೇಳಿದ. ಹೋಗಲಿ ಬಿಡು, ಮನೆಯಲ್ಲೇ ಪಾಠ ಮಾಡಿಕೊಂಡು ಇರು, ಈ ವಯಸ್ಸಿನಲ್ಲಿ ನೌಕರಿ ಯಾಕೆ ಎಂದ.

"ನಿಮಗ ಬ್ಯಾಂಕಿನ್ಯಾಗ ಎಷ್ಟು ಸಲ ಮೆಮೊ ಕೊಟ್ಟಾರ್ರೀ?"

ಶಂಕರಪ್ಪ ಯೋಚಿಸಿದ. "ಮೂರೋ ನಾಕೋ."

"ಮನಿಗೆ ಕಳಿಸಿದ್ರೇನು? ಇಲ್ಲಲ್ಲ. ನಾ ಒಂದು ತಪ್ಪು ಮಾಡಿದ್ಕ ಮನಿಗೆ ಬಾ ಅಂತೀರಿ." ಅವನು ಪಾರ್ಕಿಗೆ ಹೋದ.

ಮರುದಿನ ಅವಳು ಭೇಟಿಯ ಹೊತ್ತಿಗೆ ವಾರ್ಡಿಗೆ ಹೋಗಿ ಸಿಂಹಾಚಲಂನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ತನ್ನ ವಿಜಯವಾಡದ ತೆಲುಗಿನಲ್ಲಿ, ನಿಮ್ಮನ್ನು ಅಣಕಿಸುವ ಹಾಗೆ ಆ ಹುಡುಗಿಗೆ ಕಲಿಸಿದವಳು ನಾನೇ ಎಂದಳು. ಸುತ್ತು ಬಳಸಲಿಲ್ಲ. ಮುದುಕ, ಎಲ್ಲಿ ಕಲಿತೆ ಎಂದು ಕೇಳಿದ. ಸಿನಿಮಾದಲ್ಲಿ ಎಂದಳು.

"ಸಿನಿಮಾ ನಾನೂ ನೋಡ್ತೀನಮ್ಮ," ಎಂದ. "ಮಿಲ್ಲಿನ ವಾರದ ರಜಾ ದಿನ ನಾನು ಬೇರೆ ಎಲ್ಲಿ ಹೋದವನು? ಆ ಕೆಲಸದವನು ಬಾಯಿ ಬಿಟ್ರೆ ನಾನೂ ನಗ್ತೀನಿ. ಅಲ್ಲಿ ಕತ್ತಲೆ ಇರುತ್ತೆ, ಯಾರು ಯಾರನ್ನ ನೋಡಿ ನಗ್ತಿದಾರೆ ಅಂತ ಗೊತ್ತಾಗಲ್ಲ. ಇಲ್ಲಿ ಲೈಟು ಹಾಕಿದ್ರು. ನನ್ನ ಕೈಯಲ್ಲಿ ಉಚ್ಚೆ ಚೀಲ ಇತ್ತು."

ಆಮೇಲೆ ಅವನು ಇನ್ನೊಂದು ಮಾತು ಸೇರಿಸಿದ. ನಮ್ಮ ಮಾತು ನಿಮ್ಮ ಹುಡುಗಿಯರಿಗೆ ತಿಳಿದರೆ ಸಾಕು, ಅವರು ಅದನ್ನು ಆಡಬೇಕಂತ ನಾವೇನು ಅರ್ಜಿ ಹಾಕಿದ್ದೇವೆಯೇ ಎಂದ.

ಚೆನ್ನಮ್ಮ ಕ್ಷಮೆ ಕೇಳಿ ಎದ್ದುಹೋಗಲಿಲ್ಲ. ಮೂರು ದಿನ ಭೇಟಿಯ ಹೊತ್ತಿನಲ್ಲಿ ವಾರ್ಡಿನ ಹೊರಗಿನ ಉದ್ದ ಬೆಂಚಿನ ಮೇಲೆ, ರೋಗಿಗಳ ಕಡೆಯವರ ನಡುವೆ ಕೂತಳು. ಮುದುಕನ ಹೆಂಡತಿ ಬುತ್ತಿ ಬಿಚ್ಚುತ್ತಾ ಸೊಸೆಯನ್ನು ಬೈಯುವುದನ್ನು ಕೇಳಿದಳು. ಪಾರ್ವತೀಪುರಂನ ಒಬ್ಬಾಕೆ ಗಂಡನಿಗೆ ಕೇಳದ ಹಾಗೆ ಅಕ್ಕನಿಗೆ ಫೋನಿನಲ್ಲಿ ಅಳುವುದನ್ನು ಕೇಳಿದಳು. ಸಿನಿಮಾದ ಆ ರಾಗ ಇಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಸಿಟ್ಟು ಬಂದಾಗಲೂ ಇಲ್ಲ, ನಗುವಾಗಲೂ ಇಲ್ಲ. ನಗಿಸುವುದಕ್ಕೆ ಯಾರೋ ಅದನ್ನು ಎಳೆದು ಉದ್ದ ಮಾಡಿದ್ದರು. ಇನ್ನೊಂದು ಸಂಗತಿ ಅವಳ ಕಿವಿಗೆ ಬಿತ್ತು. ಈ ಜನ ಡಾಕ್ಟರ ಮುಂದೆ ಹೋದ ಕೂಡಲೇ ತಮ್ಮ ಮಾತು ಅಡಗಿಸಿ, ಬಾರದ ಟಿವಿ ತೆಲುಗನ್ನು ತಡವರಿಸುತ್ತಿದ್ದರು. ನೋವು ಎಲ್ಲಿ, ಎಂಥದ್ದು, ಯಾವಾಗಿನಿಂದ ಎಂಬುದೆಲ್ಲ ಆ ತಡವರಿಕೆಯಲ್ಲಿ ಉದುರಿಹೋಗುತ್ತಿತ್ತು.

ಉಳಿದ ದಿನಗಳಿಗೆ ಅವಳು ಪರದೆಯನ್ನೇ ಮುಚ್ಚಿದಳು. ಹುಡುಗಿಯರು ತಮಗೆ ಬರುವ ನೇರ ತೆಲುಗಿನಲ್ಲಿ, ಹಾಸನದ್ದೋ ಗದಗಿನದ್ದೋ ವಾಸನೆ ಇದ್ದರೆ ಇರಲಿ, ಕೇಳಬೇಕು. ರೋಗಿ ತನ್ನ ಮಾತಿನಲ್ಲಿ ಹೇಳಬೇಕು. ಹುಡುಗಿ ಕೇಳಿದ್ದನ್ನು ಚೀಟಿಯಲ್ಲಿ ಬರೆಯಬೇಕು. ಬರೆದದ್ದು ಸರಿಯೋ ತಪ್ಪೋ ಹೇಳುವವನು ಯಾರು? ಚೆನ್ನಮ್ಮ ಸಿಂಹಾಚಲಂನನ್ನು ಕೇಳಿದಳು. ಅವನು ಎರಡು ದಿನ ಆಗುವುದಿಲ್ಲ ಎಂದ. ಮೂರನೇ ದಿನ, ಆ ಹಾಸನದ ಹುಡುಗಿ ಮೊದಲು ಬರಲಿ ಎಂದ.

ತೃಪ್ತಿ ಬಂದು ನಿಂತಳು. ಕೈ ಎರಡೂ ಹಿಂದೆ ಕಟ್ಟಿಕೊಂಡಿದ್ದಳು, ಎಲ್ಲಿ ಸೊಂಟಕ್ಕೆ ಹೋಗಿಬಿಡುತ್ತವೋ ಎಂದು. ಕಾಲು ಈಗ ಹೇಗಿದೆ ತಾತಾ ಎಂದು ಕೇಳಿದಳು. ಮುದುಕ ಬೇಕೆಂದೇ ಮಿಲ್ಲಿನ ವೇಗದಲ್ಲಿ ಹೇಳಿದ. ಮಂಡಿಯ ಹಿಂದೆ ಇರುವೆ ಹರಿದಂತಾಗುತ್ತದೆ, ಮಲಗಿದರೆ ಬಿಡುತ್ತದೆ, ಇಳಿಬಿಟ್ಟರೆ ಭಾರ, ನಿನ್ನೆ ಮಾತ್ರೆ ತಿನ್ನುವ ಮುಂಚೆಯೇ ಹೊಟ್ಟೆ ಉರಿ ಎಂಬಿಷ್ಟು. ತೃಪ್ತಿ ಬರೆದಳು, ಎರಡು ಸಲ ನಿಲ್ಲಿಸಿ ಮತ್ತೆ ಕೇಳಿದಳು. ಚೆನ್ನಮ್ಮ ಓದಿ ಹೇಳಿದಾಗ ಮುದುಕ, ಹೊಟ್ಟೆ ಉರಿ ಮಾತ್ರೆ ತಿಂದ ಮೇಲಲ್ಲ, ತಿನ್ನುವ ಮುಂಚೆ, ಅದೊಂದು ತಪ್ಪು ಎಂದ. ನಾಲ್ಕರಲ್ಲಿ ಮೂರು. ನಾಳೆ ಮತ್ತೆ ಬಾ.

ಉಳಿದ ಎಂಟು ಜನರನ್ನೂ ಅವನೇ ಪರೀಕ್ಷೆ ಮಾಡಿದ. ಇಬ್ಬರನ್ನು ನಪಾಸು ಮಾಡಿದ. ಅವನ ಹೆಂಡತಿಗೆ ಇದು ಸಾಕಾಗಲಿಲ್ಲ, ಪಕ್ಕದ ವಾರ್ಡಿನಿಂದ ತನ್ನ ಕಡೆಯ ಇಬ್ಬರು ಹೆಂಗಸರನ್ನು ಕರೆತಂದು, ಇವರ ನೋವೂ ಬರೆಸಿಕೊಳ್ಳಿ ಎಂದಳು. ಪಕ್ಕದ ಹಾಸಿಗೆಯ ಕಂಟ್ರಾಕ್ಟರ್ ನಗಲು ಏನೂ ಸಿಗದೆ ನಿದ್ದೆ ಹೋದ.

ಕೊನೆಯ ದಿನ ಹಿಮಬಿಂದು ಬಂದು ಗೋಡೆಗೆ ಒರಗಿ ನಿಂತಳು. ತೃಪ್ತಿ ಎರಡನೇ ಸುತ್ತಿನಲ್ಲಿ ನಾಲ್ಕಕ್ಕೆ ನಾಲ್ಕು ಬರೆದಿದ್ದಳು. ಹಿಮಬಿಂದು ಚೀಟಿಗಳನ್ನು ತೆಗೆದುಕೊಂಡು ಓದಿದಳು. ಮುದುಕನನ್ನು ಏನೋ ಕೇಳಿದಳು. ಅದು ಗುಂಟೂರಿನ ತೆಲುಗಾಗಿರಲಿಲ್ಲ. ಮುದುಕ ಕತ್ತೆತ್ತಿ, ನೀನು ಯಾವೂರ ಕೂಸು ಎಂದ. ಪಲಾಸ ಎಂದಳು. ಅಲ್ಲಿ ತನ್ನ ಸೋದರತ್ತೆ ಇದ್ದಳೆಂದು ಅವನು ಶುರುಮಾಡಿದ, ಆ ಸೋದರತ್ತೆ ಅರ್ಧ ಗಂಟೆಗೆ ಕಡಿಮೆ ಮುಗಿಯಲಿಲ್ಲ.

ಸಂಜೆ ಹಿಮಬಿಂದು ಚೆನ್ನಮ್ಮನನ್ನು ಕರೆದು ಹೇಳಿದ್ದು ಚಿಕ್ಕದು. ವಾರಕ್ಕೆ ನಾಲ್ಕು ದಿನ ಆಗುವುದಿಲ್ಲ, ಮೂರು ದಿನ ಬನ್ನಿ. ಪತ್ರ ಸೋಮವಾರ ಕೊಡುತ್ತಾರೆ.

"ಕೆಲಸದವರ ಸೀನು ತೋರಿಸಬೇಡಿ ಅಂತ ಹೇಳಲ್ಲ," ಎಂದಳು. "ತೋರಿಸಿ. ಆದರೆ ಯಾಕೆ ನಗಿಸ್ತಿದಾರೆ ಅಂತ ಮೊದಲು ಕೇಳಿ. ಅದಕ್ಕೆ ಉತ್ತರ ಕೊಟ್ಟ ಮೇಲೆ ನಗಲಿ ಬೇಕಾದ್ರೆ."

ಪತ್ರ ಬಂತು. ಶಂಕರಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅದರಲ್ಲಿ ಪ್ರಾವಿಡೆಂಟ್ ಫಂಡಿನ ಬಗ್ಗೆ ಒಂದು ಸಾಲೂ ಇಲ್ಲ ಎಂದು ತಕರಾರು ತೆಗೆದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು ಹೊಗಳುವ ರೀತಿ ಅದು. ಸಿಂಹಾಚಲಂ ಕೋಲು ಹಿಡಿದು ಮನೆಗೆ ಹೋದ. ಹೋಗುವಾಗ ಅವನಿಗೆ ಕೃತಜ್ಞತೆ ಹೇಳಲು ಬಂದ ಚೆನ್ನಮ್ಮನಿಗೆ, ನಪಾಸಾದ ಆ ಇಬ್ಬರನ್ನು ಬಿಡಬೇಡ, ಗದಗಿನ ಹುಡುಗಿಗೆ ಕಿವಿ ಮಂದ ಇದೆ, ತೋರಿಸು ಎಂದ. ತೋರಿಸಿದರು. ನಿಜವಾಗಿಯೂ ಎಡಗಿವಿಯಲ್ಲಿ ಗುಗ್ಗೆ ತುಂಬಿತ್ತು.

ಈಗ ವಾರಕ್ಕೆ ಮೂರು ದಿನ ಚೆನ್ನಮ್ಮ ಪೆಂದುರ್ತಿಯಿಂದ ಬಸ್ಸು ಹಿಡಿಯುತ್ತಾಳೆ. ಸಿನಿಮಾ ಬಿಟ್ಟಿಲ್ಲ, ಬಿಡುವ ಮಾತೇ ಇಲ್ಲ. ಮೊನ್ನೆ ಭಾನುವಾರ ತೃಪ್ತಿಯನ್ನು ಕರೆದುಕೊಂಡು ಮ್ಯಾಟಿನಿಗೆ ಹೋಗಿದ್ದಳು. ಹೊಸ ಸಿನಿಮಾ, ಹೌಸ್‌ಫುಲ್. ದೊಡ್ಡ ಬಂಗಲೆ, ಸೋಫಾದ ಮೇಲೆ ಹೀರೊನ ಅಪ್ಪ, ಎದುರಿಗೆ ಕೈಯಲ್ಲಿ ಕಾಫಿ ತಟ್ಟೆ ಹಿಡಿದ ಅಡುಗೆಯವನು. ಅಡುಗೆಯವನು ಬಾಯಿ ತೆರೆದ, ಅದೇ ರಾಗ. ಟಾಕೀಸು ಹೋ ಎಂದಿತು. ಚೆನ್ನಮ್ಮನೂ ನಕ್ಕಳು, ಆ ನಟ ಕಸುಬು ಬಲ್ಲವನು, ನಗು ತಡೆಯಲು ಆಗಲಿಲ್ಲ. ಆಮೇಲೆ ತೃಪ್ತಿಯ ಕಡೆ ಬಾಗಿ, ಅವ ಏನಂದ ಹೇಳು ಅಂದಳು.

"ರಜಾ ಕೇಳ್ತಿದಾನೆ ಆಂಟಿ," ಎಂದಳು ತೃಪ್ತಿ. "ಮಗಳ ಮದ್ವೆ ಅಂತೆ, ಎರಡು ದಿನ. ಕೊಡಲಿಲ್ಲ ಅವ್ರು."

ಹಿಂದಿನ ಸಾಲಿನವನೊಬ್ಬ ಇನ್ನೂ ನಗುತ್ತಿದ್ದ. ಚೆನ್ನಮ್ಮ ತಿರುಗಿ ಅವನನ್ನು ಒಂದು ಸಲ ನೋಡಿ, ಚೀಲದಿಂದ ಹುರಿದ ಶೇಂಗಾ ತೆಗೆದು, ತೃಪ್ತಿಯ ಕೈಗೆ ಅರ್ಧ ಸುರಿದು, ಮುಂದಿನ ಸೀನು ನೋಡತೊಡಗಿದಳು.